ಆಪ್‌ಗೆ ಕೊಟ್ಟ ಪರ್ಮಿಷನ್ ವಾಪಸ್ ತಗೊಳ್ಳೋದು ಹೇಗೆ? ಮೊದ್ಲು ಮನೆ ದೊಡ್ಡೋರ ಫೋನ್ ನೋಡಿ

ಟೊಮೆಟೊ ರೇಟ್ ಬಿದ್ದಿದ್ದಾಗ ನಮ್ ಚಿಕ್ಕಪ್ಪ ಔಷಧಿಗೆ, ಕೂಲಿಗೆ ದುಡ್ಡು ಸಾಲ್ದೆ ಯಾವ್ದೋ ಸಾಲದ ಆಪ್ ಹಾಕ್ಕೊಂಡಿದ್ರು, ಎಂಟು ಸಾವಿರಕ್ಕೆ. ಅದು ಕಾಂಟ್ಯಾಕ್ಟ್ಸ್, ಫೋಟೋ, ಎಸ್ಸೆಮ್ಮೆಸ್ ಅಂತ ಒಂದೊಂದೇ ಕೇಳ್ತು, ಇವ್ರು ಸಾಲ ಬಂದ್ರೆ ಸಾಕು ಅಂತ ಎಲ್ಲದಕ್ಕೂ ಅಲೋ ಒತ್ತಿದ್ರು. ಕಟ್ಟೋದು ನಾಲ್ಕು ದಿನ ಲೇಟಾಯ್ತು ಅಷ್ಟೆ, ಕೋಲಾರ ಎಪಿಎಂಸಿಲಿ ಇವ್ರ ಮಾಲು ಹರಾಜು ಹಾಕೋ ಮಂಡಿಯವ್ರಿಗೆ, ಬಾಕ್ಸ್ ಸಾಗಿಸೋ ಟೆಂಪೋ ಡ್ರೈವರ್‌ಗೆ, ಕೊನೆಗೆ ಮಗಳನ್ನ ಕೊಟ್ಟ ಬೀಗ್ರಿಗೂ ಮೆಸೇಜ್ ಹೋಯ್ತು, ಇವ್ರ ಫೋಟೋ ಮೇಲೆ ಕಳ್ಳ ಅಂತ ಬರ್ದು. ಮಂಡಿಯವ್ರು ಎಲ್ರ ಮುಂದೆ "ಏನಣ್ಣಾ, ನಿನ್ ಸಾಲಕ್ಕೆ ನನ್ ನಂಬರ್ ಕೊಟ್ಟಿದ್ದೀಯಂತೆ" ಅಂದ್ರೆ ಪಾಪ ಏನ್ ಹೇಳ್ತಾರೆ, ಅವ್ರು ಯಾರ ನಂಬರೂ ಬರ್ದು ಕೊಟ್ಟಿರ್ಲಿಲ್ಲ.

ಅದಕ್ಕೇ ಹೇಳ್ತಿರೋದು, ಕಾಂಟ್ಯಾಕ್ಟ್ಸ್‌ಗೆ ಅಲೋ ಅಂದ್ರೆ ನಿಮ್ಮನ್ನ ನಂಬಿ ನಂಬರ್ ಕೊಟ್ಟೋರನ್ನೆಲ್ಲ ಹಿಡ್ದು ಕೊಟ್ಟಂಗೆ.

ಈಗ ಫೋನ್ ತಗೊಳ್ಳಿ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್, ಅದ್ರಲ್ಲಿ ಪ್ರೈವೆಸಿ, ಅದ್ರೊಳಗೆ ಪರ್ಮಿಷನ್ ಮ್ಯಾನೇಜರ್. ಕಂಪನಿಗೊಂದು ಥರ ಇರತ್ತೆ, ಸಿಗ್ಲಿಲ್ಲ ಅಂದ್ರೆ ಸೆಟ್ಟಿಂಗ್ಸ್ ಮೇಲಿರೋ ಸರ್ಚಲ್ಲಿ ಪರ್ಮಿಷನ್ ಅಂತ ಹುಡ್ಕಿ, ಫೋನ್ ಕನ್ನಡದಲ್ಲಿದ್ರೆ ಅನುಮತಿ ಅಂತ. ಮೊದ್ಲು ಕಾಂಟ್ಯಾಕ್ಟ್ಸ್ ಓಪನ್ ಮಾಡಿ. ಚಿಕ್ಕಪ್ಪನ ಫೋನಲ್ಲಿ ಮಂಡಿ ರೇಟ್ ತೋರ್ಸೋ ಆಪು, ಒಂದು ಟಾರ್ಚು, ಒಂದು ಪಂಚಾಂಗ, ಎಲ್ಲಾ ಅಲ್ಲೇ ಕೂತಿದ್ವು. ಪಂಚಾಂಗಕ್ಕೆ ಯಾಕ್ರೀ ಬೀಗ್ರ ನಂಬರ್? ಒಂದೊಂದನ್ನೂ ಒತ್ತಿ ಡೋಂಟ್ ಅಲೋ ಮಾಡಿ. ಆಪ್ ಏನೂ ಹಾಳಾಗಲ್ಲ, ಬೇಕಾದ್ರೆ ಮತ್ತೆ ಕೇಳತ್ತೆ, ಆಗ ಯೋಚ್ನೆ ಮಾಡಿ ಕೊಡಿ.

ಆಮೇಲೆ ಎಸ್ಸೆಮ್ಮೆಸ್ ನೋಡಿ, ಇದು ಇನ್ನೂ ಡೇಂಜರ್, ಬ್ಯಾಂಕ್ ಓಟಿಪಿ ಬರೋದು ಅಲ್ಲಿಗೇ. ಫೋನ್‌ಪೇ, ಗೂಗಲ್‌ಪೇ ಥರದವು ಸಿಮ್ ಚೆಕ್ ಮಾಡೋಕೆ ಕೇಳ್ತವೆ, ಅದು ಸರಿ, ಗೇಮ್‌ಗೆ ಬೇಕಿಲ್ಲ. ಲೊಕೇಶನ್‌ಗೆ ಆಪ್ ಯೂಸ್ ಮಾಡೋವಾಗ ಮಾತ್ರ ಅನ್ನೋದು ಇಡಿ, ಮ್ಯಾಪ್ ಬಿಟ್ರೆ ಬಹಳಷ್ಟಕ್ಕೆ ಅದೂ ಬೇಡ. ಫೋಟೋ ಕೇಳಿದ್ರೆ ಆಂಡ್ರಾಯ್ಡ್ 14 ಇಲ್ಲಾ ಅದಕ್ಕಿಂತ ಹೊಸದಿರೋ ಫೋನಲ್ಲಿ ಬೇಕಾದ ನಾಲ್ಕನ್ನ ಮಾತ್ರ ಆರಿಸಿ ಕೊಡ್ಬಹುದು, ಇಡೀ ಗ್ಯಾಲರಿ ಬಿಟ್ಕೊಡೋದು ಬೇಡ, ಆಧಾರ್, ಪಾಸ್‌ಬುಕ್ ಫೋಟೋ ಎಲ್ಲಾ ಅಲ್ಲೇ ಇರತ್ತೆ ತಾನೆ.

ಸಾಲದ ಆಪ್‌ಗಳ ಬಗ್ಗೆ ಒಂದ್ ಮಾತು ಎಲ್ರಿಗೂ ಗೊತ್ತಿರ್ಬೇಕು. ಕಾಂಟ್ಯಾಕ್ಟ್ ಲಿಸ್ಟು, ಕಾಲ್ ಲಾಗು, ಫೋನಲ್ಲಿರೋ ಫೈಲು ಇವನ್ನೆಲ್ಲ ಮುಟ್ಟಬಾರ್ದು ಅಂತ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಲ್ಲೇ ಹೇಳಿದೆ. ಕ್ಯಾಮೆರಾ, ಮೈಕು, ಲೊಕೇಶನ್ನು ಕೆವೈಸಿಗೆ, ಅಂದ್ರೆ ನೀವು ಯಾರು ಅಂತ ಖಾತ್ರಿ ಮಾಡ್ಕೊಳ್ಳೋಕೆ, ಒಂದ್ಸಲ, ಅದೂ ನೀವು ಒಪ್ಪಿದ್ರೆ ಮಾತ್ರ. ಹಾಗಾಗಿ ಸಾಲ ಕೊಡ್ತೀನಿ ಅಂದ ಆಪು ಕಾಂಟ್ಯಾಕ್ಟ್ ಕೇಳ್ತು ಅಂದ್ರೆ ಅಲ್ಲಿಗೇ ನಿಲ್ಸಿ, ಎಷ್ಟೇ ಅರ್ಜೆಂಟ್ ಇರ್ಲಿ.

ವಾಟ್ಸಾಪ್ ಗ್ರೂಪಲ್ಲಿ ಮದುವೆ ಇನ್ವಿಟೇಶನ್, ಪಿಎಂ ಕಿಸಾನ್, ಟ್ರಾಫಿಕ್ ಚಲನ್ ಅಂತ ಎಪಿಕೆ ಫೈಲ್ (ಒತ್ತಿದ್ರೆ ಫೋನಿಗೆ ಆಪ್ ಹಾಕೋ ಫೈಲು) ಬರ್ತವಲ್ಲ, ಕಳ್ಸಿದ್ದು ಸ್ವಂತ ಅಣ್ಣನೇ ಆದ್ರೂ ಓಪನ್ ಮಾಡ್ಬೇಡಿ, ಅವನ ಫೋನ್ ಮೊದ್ಲೇ ಕಳ್ಳರ ಕೈಗೆ ಸಿಕ್ಕಿರ್ಬಹುದು. ಇಂಥವು ಆಕ್ಸೆಸಿಬಿಲಿಟಿ ಅಂತ ಒಂದು ಕೇಳ್ತವೆ, ಅದು ಸಿಕ್ರೆ ಸ್ಕ್ರೀನಲ್ಲಿ ಕಾಣೋದನ್ನ ಓದಿ ನಿಮ್ ಬದ್ಲು ತಾವೇ ಒತ್ತಬಹುದು. ಇದು ಪರ್ಮಿಷನ್ ಮ್ಯಾನೇಜರಲ್ಲಿ ಕಾಣಲ್ಲ, ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿಗೇ ಹೋಗಿ ಗೊತ್ತಿಲ್ಲದ ಆಪ್ ಆನ್ ಆಗಿದ್ರೆ ಆಫ್ ಮಾಡಿ.

ಇನ್ನೊಂದು ಬೇಜಾರಿನ ವಿಷ್ಯ, ಈಗ ಪರ್ಮಿಷನ್ ತೆಗೆದ್ರೂ, ಆಪೇ ಡಿಲೀಟ್ ಮಾಡಿದ್ರೂ, ಆಗ್ಲೇ ಅವ್ರ ಸರ್ವರ್‌ಗೆ ಹೋಗಿರೋದು ವಾಪಸ್ ಬರಲ್ಲ. ಚಿಕ್ಕಪ್ಪ ಭಯಕ್ಕೆ ಫೋನೇ ರೀಸೆಟ್ ಮಾಡಿಸ್ಬಿಟ್ರು, ಬೈದು ಬಂದಿದ್ದ ಮೆಸೇಜೆಲ್ಲ ಹೋಯ್ತು, ಕಂಪ್ಲೇಂಟ್ ಕೊಡೋಕೆ ಮಂಡಿಯವ್ರ ಹತ್ರ ಸ್ಕ್ರೀನ್‌ಶಾಟ್ ಬೇಡಬೇಕಾಯ್ತು. ನೀವು ಹಾಗ್ ಮಾಡ್ಬೇಡಿ. ಮೊದ್ಲು ಮೆಸೇಜು, ನಂಬರು, ದುಡ್ಡು ಹೋದ ಯುಪಿಐ ಐಡಿ ಎಲ್ಲಾ ಸ್ಕ್ರೀನ್‌ಶಾಟ್ ತಗೊಂಡು ಇನ್ನೊಬ್ರ ಫೋನ್‌ಗೆ ಕಳ್ಸಿ, ದುಡ್ಡು ಕಳ್ಕೊಂಡಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲಾ ಸೈಬರ್ ಕೇಸ್ ನೋಡ್ಕೊಳ್ಳೋ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಅದೇ ದಿನ ನಿಮ್ ಕಾಂಟ್ಯಾಕ್ಟಲ್ಲಿ ಇರೋರಿಗೆಲ್ಲ ಒಂದ್ ಮೆಸೇಜ್ ಹಾಕಿ, ಚಿಕ್ಕಪ್ಪಂಗೆ ನಾನು ಕೂತು ಹಾಕ್ಕೊಟ್ಟಿದ್ದು ಇದು: "ನನ್ ಫೋನಿಂದ ನಿಮ್ ನಂಬರ್ ಹೊರಗೆ ಹೋಗಿದೆ, ನನ್ ಹೆಸ್ರು ಹೇಳಿ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ, ಬಂದ ಮೆಸೇಜ್ ಡಿಲೀಟ್ ಮಾಡ್ದೆ ನಂಗೆ ಕಳ್ಸಿ."