ಖೈಬರ್‌ಗೆ ಬಡಿದದ್ದು ಏನು? ನಾನು ಪತ್ತೆ ಮಾಡಿದ ಬಗೆ

1971ರ ಭಾರತ-ಪಾಕಿಸ್ತಾನ ಯುದ್ಧ, ಡಿಸೆಂಬರ್ 4ರ ರಾತ್ರಿ. ಕರಾಚಿಯ ಹೊರಗಿನ ಸಮುದ್ರದಿಂದ ಪಾಕಿಸ್ತಾನದ ಯುದ್ಧನೌಕೆ ಖೈಬರ್ ಒಂದು ಸಂದೇಶ ಕಳಿಸಿತು. ಶತ್ರು ವಿಮಾನ ದಾಳಿ ಮಾಡಿದೆ, ಬಾಯ್ಲರ್‌ಗೆ ಪೆಟ್ಟು ಬಿದ್ದಿದೆ, ಹಡಗು ನಿಂತಿದೆ ಅಂತ. ಆದರೆ ಅದಕ್ಕೆ ಬಡಿದದ್ದು ವಿಮಾನದ ಬಾಂಬ್ ಅಲ್ಲ.

ಬಡಿದದ್ದು ಭಾರತದ ಕ್ಷಿಪಣಿ ಅನ್ನುವ ಉತ್ತರ ಎಲ್ಲರಿಗೂ ಗೊತ್ತಿರುವ ಪ್ರಕರಣ ಇದು, ಅಲ್ವಾ? ಅದಕ್ಕೇ ಇದನ್ನು ಆರಿಸಿಕೊಂಡೆ. ಉತ್ತರವನ್ನು ಪಕ್ಕಕ್ಕಿಟ್ಟು, ಹಡಗಿನಲ್ಲಿದ್ದವರು ಕಂಡದ್ದನ್ನಷ್ಟೇ ಹಿಡಿದು ಕ್ಷಿಪಣಿಯವರೆಗೆ ಹೋಗಲು ಆಗುತ್ತದಾ ಎಂದು ನೋಡಬೇಕಿತ್ತು.

ಎರಡು ಹಾಳೆ ತೆಗೆದುಕೊಂಡೆ. ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ಅಂದುಕೊಂಡದ್ದು. ಬಲಮಗ್ಗುಲಿನ ಕತ್ತಲಲ್ಲಿ ಒಂದು ಉರಿಯುವ ಬೆಳಕು ಹಡಗಿನ ಕಡೆಗೇ ಬಂತು. ಹಡಗಿನವರು ವಿಮಾನಗಳಿಗೆ ಹೊಡೆಯುವ ಬೋಫೋರ್ಸ್ ತೋಪುಗಳಿಂದ ಗುಂಡು ಹಾರಿಸಿದರು. ಬೆಳಕು ಹಡಗಿನ ಬಲಬದಿಗೆ ಬಡಿಯಿತು. ಸುಮಾರು ನಾಲ್ಕು ನಿಮಿಷಕ್ಕೆ ಇನ್ನೊಂದು ಬಂದು ಬಾಯ್ಲರ್ ಕೋಣೆಗೆ ಹೊಡೆಯಿತು. ಇಷ್ಟು ಮೊದಲ ಹಾಳೆಗೆ. ‘ವಿಮಾನ’ ಅನ್ನುವ ಮಾತು ಎರಡನೆಯದಕ್ಕೆ.

ಮೊದಲ ಹಾಳೆಯನ್ನೇ ಮತ್ತೆ ಮತ್ತೆ ಓದಿದೆ. ಬೆಳಕು ಎಲ್ಲಿಗೆ ಹೋಯಿತು ಅನ್ನುವುದು ತಲೆಗೆ ಹೊಳೆದದ್ದು ಆಗ. ಬಾಂಬ್ ಹಾಕಿದ ವಿಮಾನ ಹಡಗಿನ ಮೇಲಿಂದ ಹಾದು ಹೋಗುತ್ತದೆ, ಇಲ್ಲವೇ ತಿರುಗಿಕೊಳ್ಳುತ್ತದೆ. ಈ ಬೆಳಕು ತಿರುಗಲಿಲ್ಲ, ದಾಟಲೂ ಇಲ್ಲ. ಹಡಗಿನಲ್ಲೇ ಮುಗಿಯಿತು. ನೀರೊಳಗೆ ಸಾಗಿ ಬರುವ ಟಾರ್ಪಿಡೊ ಆಗಿದ್ದರೆ ನೀರಿನ ಮೇಲೆ ಬೆಳಕು ಕಾಣುವ ಮಾತೇ ಇಲ್ಲ. ಉಳಿದದ್ದು ಕ್ಷಿಪಣಿ.

ಯಾವುದು ಅನ್ನುವುದು ಇಲ್ಲಿ ಸುಲಭ. ಆಗ ಭಾರತದ ಬಳಿ ಹಡಗಿಗೆ ಹೊಡೆಯುವ ಕ್ಷಿಪಣಿ ಇದ್ದದ್ದು ಒಂದೇ: ಸೋವಿಯತ್ ಒಕ್ಕೂಟದ ಪಿ-15. ಪಶ್ಚಿಮದವರು ಇದನ್ನು ಸ್ಟಿಕ್ಸ್ ಅಂತ ಕರೆಯುತ್ತಿದ್ದರು. 1967ರಲ್ಲಿ ಪೋರ್ಟ್ ಸೈದ್ ಹತ್ತಿರ ಇಸ್ರೇಲಿನ ಐಲಾತ್ ಹಡಗನ್ನು ಮುಳುಗಿಸಿದ್ದೂ ಇದೇ. ಆದರೂ ಸುಮ್ನೆ ಹೆಸರು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಲೆಕ್ಕ ಕೂಡಬೇಕು. ಇದರ ವೇಗ ಸೆಕೆಂಡಿಗೆ ಸುಮಾರು 300 ಮೀಟರ್, ವ್ಯಾಪ್ತಿ ಸುಮಾರು 40 ಕಿಲೋಮೀಟರ್. ಅಷ್ಟು ದೂರ ಹೋಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಒಂದನ್ನು ಬಿಟ್ಟು, ರೇಡಾರ್‌ನಲ್ಲಿ ಗುರಿ ಇನ್ನೂ ಇದೆಯಾ ಎಂದು ನೋಡಿ, ಎರಡನೆಯದನ್ನು ಬಿಟ್ಟರೆ ನಾಲ್ಕು ನಿಮಿಷದ ಅಂತರ ಸರಿಹೋಗುತ್ತದೆ. ಭಾರತದ ಕ್ಷಿಪಣಿ ದೋಣಿ ನಿರ್ಘಾತ್ ಖೈಬರ್ ಮೇಲೆ ಬಿಟ್ಟದ್ದೂ ಎರಡೇ. ಗಂಟೆಗಳನ್ನು ಮಾತ್ರ ಹೋಲಿಸಲಿಲ್ಲ. ಎರಡು ದೇಶದ ಗಡಿಯಾರಕ್ಕೆ ಅರ್ಧ ಗಂಟೆಯ ವ್ಯತ್ಯಾಸ ಇದೆ, ಯಾರು ಯಾವ ಗಂಟೆ ಬರೆದರೋ ಅಂತ ಗೊಂದಲವಾಗುತ್ತದೆ. ನಡುವಿನ ಅಂತರ ಮಾತ್ರ ಯಾವ ಗಡಿಯಾರದಲ್ಲಿ ನೋಡಿದರೂ ಅಷ್ಟೇ. ಬೆಳಕಿನದೂ ತಾಳೆ ಬಿತ್ತು. ಪಿ-15ರ ದ್ರವ ಇಂಧನದ ಎಂಜಿನ್ ಗುರಿ ಮುಟ್ಟುವವರೆಗೂ ಉರಿಯುತ್ತದೆ. ರಾತ್ರಿಯಲ್ಲಿ ಅದು ಕಾಣದೆ ಇರುತ್ತದಾ?

ಒಂದು ಕಡೆ ಎಡವಿದೆ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಅನ್ನುವ ಕ್ಷಿಪಣಿ ದೋಣಿಗೆ ಹೋಗಿದ್ದೆ. ಮಗ್ಗುಲಲ್ಲಿ ದುಂಡನೆಯ ದೊಡ್ಡ ಕೊಳವೆಗಳು, ಎರಡು ಕೈ ಚಾಚಿದರೂ ತಬ್ಬಲು ಆಗದಷ್ಟು ದಪ್ಪ. ಅದನ್ನೇ ನೋಡಿ, 1971ರ ಕ್ಷಿಪಣಿಯೂ ರೆಕ್ಕೆ ಮಡಚಿಕೊಂಡು ಇಂಥ ಕೊಳವೆಯಲ್ಲಿ ಇತ್ತು ಅಂತ ಟಿಪ್ಪಣಿಯಲ್ಲಿ ಬರೆದುಕೊಂಡೆ. ತಪ್ಪು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ಅದು ಓಸಾ-2 ಮಾದರಿ. ಕರಾಚಿಗೆ ಹೋದ ನಿಪಾತ್, ನಿರ್ಘಾತ್, ವೀರ್ ಹಳೆಯ ಓಸಾ-1. ಅವುಗಳ ಮೇಲೆ ಇದ್ದದ್ದು ಪೆಟ್ಟಿಗೆಯಂಥ ಗೂಡು, ಒಳಗೆ ರೆಕ್ಕೆ ಮಡಚದ ಕ್ಷಿಪಣಿ. ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದ ಮೇಲೆ ಟಿಪ್ಪಣಿ ತಿದ್ದಿದೆ.

ಸಂದೇಶದಲ್ಲಿ ಯಾವ ಆಯುಧದ ಹೆಸರು ಹೋಗುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ. ಖೈಬರ್ ಜೊತೆಗೆ ಇನ್ನೂರಕ್ಕೂ ಹೆಚ್ಚು ಜನ ನೀರು ಪಾಲಾದರು. ಅದೇ ರಾತ್ರಿ ಕ್ಷಿಪಣಿ ಬಡಿದ, ಹತ್ತಿರದಲ್ಲೇ ಇದ್ದ ಪಾಕಿಸ್ತಾನದ ಇನ್ನೊಂದು ಹಡಗು ಮುಹಾಫಿಜ್‌ಗೆ ಸಂದೇಶ ಕಳಿಸುವಷ್ಟು ಹೊತ್ತೂ ಸಿಗಲಿಲ್ಲ. ಕ್ಷಿಪಣಿ ದೋಣಿಗಳ ವಿಷಯ ಗೊತ್ತಾದ ಮೇಲೆ ಗಾಬರಿ ಇನ್ನೊಂದು ಕಡೆಗೆ ತಿರುಗಿತು. ಡಿಸೆಂಬರ್ 6ರಂದು ಪಾಕಿಸ್ತಾನದ್ದೇ ವಿಮಾನಗಳು ತಮ್ಮದೇ ಹಡಗು ಜುಲ್ಫಿಕರ್ ಅನ್ನು ಭಾರತದ ಕ್ಷಿಪಣಿ ದೋಣಿ ಅಂದುಕೊಂಡು ಅದರ ಮೇಲೆ ಗುಂಡು ಹಾರಿಸಿದವು.