ಮನೆಯವರು ಕುಡಿಯುತ್ತಿದ್ದರೆ ಮನೆಯ ದುಡ್ಡು ಉಳಿಸಿಕೊಳ್ಳುವುದು ಹೇಗೆ

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನಾನು ಮಹಿಳಾ ಸಂಘದ ಪುಸ್ತಕ ಬರೆಯುತ್ತೇನೆ. ಯಾರ ಮನೆಯಲ್ಲಿ ಕುಡಿತ ಜಾಸ್ತಿಯಾಗಿದೆ ಅನ್ನೋದು ಊರಿಗೆ ಗೊತ್ತಾಗುವ ಮೊದಲೇ ಪುಸ್ತಕದಲ್ಲಿ ಕಾಣುತ್ತದೆ. ಮೊದಲು ವಾರದ ಉಳಿತಾಯ ತಪ್ಪುತ್ತದೆ. ಆಮೇಲೆ ಕಂತು ತಡವಾಗುತ್ತದೆ. ಆಮೇಲೆ ಮಗಳ ಫೀಸಿಗೆ ಅಂತ ಸಾಲ ಕೇಳುತ್ತಾರೆ. ಆ ಹುಡುಗಿ ಓದುತ್ತಿರೋದು ಸರ್ಕಾರಿ ಶಾಲೆಯಲ್ಲಿ.

"ಅವರು ಕುಡಿಯೋದು ಬಿಟ್ಟರೆ ಎಲ್ಲ ಸರಿ ಹೋಗುತ್ತೆ" ಅಂತ ಎಷ್ಟೋ ಅಕ್ಕಂದಿರು ಕಾಯುತ್ತಾ ಕೂರುತ್ತಾರೆ. ದಯವಿಟ್ಟು ಕಾಯಬೇಡಿ. ಕುಡಿತ ಬಿಡಿಸುವುದಕ್ಕೆ ಡಾಕ್ಟರ್ ಬೇಕು, ಅವರ ಮನಸ್ಸೂ ಬೇಕು, ಸಮಯವೂ ಹಿಡಿಯುತ್ತದೆ. ದುಡ್ಡು ಉಳಿಸುವ ಕೆಲಸ ಈ ವಾರವೇ ಶುರು ಮಾಡಬಹುದು.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಕುಡಿತಕ್ಕೆ ಹೋಗುವ ದುಡ್ಡನ್ನು ಒಂದು ತಿಂಗಳು ಬರೆಯಿರಿ. ಕ್ವಾರ್ಟರ್‌ಗೆ ಕೊಟ್ಟದ್ದು ಮಾತ್ರ ಬರೆದರೆ ಸಾಲದು. ಕೂಲಿಗೆ ಹೋಗದ ದಿನಗಳು, ಕೈಸಾಲದ ಬಡ್ಡಿ, ಬಿದ್ದು ಗಾಯ ಮಾಡಿಕೊಂಡಾಗಿನ ಆಸ್ಪತ್ರೆ ಖರ್ಚು, ಎಲ್ಲ ಬರಲಿ. ಒಂದು ಉದಾಹರಣೆ ನೋಡಿ. ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಅಂದರೆ ವರ್ಷಕ್ಕೆ 54,750. ಕಾಯಿ ಸುಲಿಯುವ ಕೆಲಸಕ್ಕೆ ತಿಂಗಳಲ್ಲಿ ಐದು ದಿನ ಹೋಗಲಿಲ್ಲ, ದಿನದ ಕೂಲಿ 600 ಅಂತಿಟ್ಟುಕೊಂಡರೆ ವರ್ಷಕ್ಕೆ 36,000. ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ 20,000 ಕೈಸಾಲ ಇದ್ದರೆ ವರ್ಷಕ್ಕೆ ಬಡ್ಡಿಯೇ 12,000. ಕೂಡಿದರೆ 1,02,750. ಗೃಹಲಕ್ಷ್ಮಿಯಿಂದ ವರ್ಷಕ್ಕೆ ಬರೋದು 24,000. ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಹೊರಗೆ ಹೋಯಿತು, ಅಲ್ವಾ? ಈ ಲೆಕ್ಕವನ್ನು ಅವರ ಮುಖಕ್ಕೆ ಹಿಡಿದು ಜಗಳ ಮಾಡಲು ಹೋಗಬೇಡಿ. ಯಾವ ದಾರಿಯಲ್ಲಿ ದುಡ್ಡು ಹೋಗುತ್ತಿದೆ ಅಂತ ನಿಮಗೆ ಗೊತ್ತಾಗಲಿ, ಅಷ್ಟೇ.

ಇನ್ನು ದುಡ್ಡು ಬರುವ ದಾರಿ. ನಮ್ಮ ಸಂಘದ ಒಬ್ಬ ಅಕ್ಕ ಎರಡು ಹಸು ಕಟ್ಟಿದ್ದಾರೆ. ಹುಲ್ಲು ತರೋದು, ಹಾಲು ಕರೆಯೋದು, ಡೈರಿಗೆ ಹಾಕೋದು ಎಲ್ಲ ಅವರೇ. ಆದರೆ ಡೈರಿಯಲ್ಲಿ ಹೆಸರು ಯಜಮಾನರದ್ದು. ಬಟವಾಡೆ ದಿನ ಅವರು ಬೆಳಿಗ್ಗೆಯೇ ತಲೆ ಬಾಚಿಕೊಂಡು ಹೊರಡುತ್ತಿದ್ದರು, ದುಡ್ಡು ಮನೆಗೆ ಬರುತ್ತಲೇ ಇರಲಿಲ್ಲ. ಅಕ್ಕ ಡೈರಿ ಕಾರ್ಯದರ್ಶಿಯ ಹತ್ತಿರ ಮಾತಾಡಿ ತಮ್ಮ ಹೆಸರಲ್ಲೇ ಹಾಲು ಹಾಕಲು ಶುರು ಮಾಡಿದರು. ಈಗ ಬಟವಾಡೆಯ ಜೊತೆ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅವರ ಖಾತೆಗೇ ಬೀಳುತ್ತದೆ. ಮನೆಯಲ್ಲಿ ಎರಡು ವಾರ ರಂಪ ಆಯಿತು. ಹಸು ನೋಡಿಕೊಳ್ಳುವವರು ಯಾರು ಅಂತ ಅತ್ತೆಯೇ ಸೊಸೆಯ ಪರ ನಿಂತರು.

ನಿಮ್ಮ ಖಾತೆ ನಿಮ್ಮೊಬ್ಬರ ಹೆಸರಲ್ಲಿರಲಿ. ಜಂಟಿ ಖಾತೆಯಲ್ಲಿ ಯಾರು ಬೇಕಾದರೂ ತೆಗೆಯಬಹುದು ಅಂತ ಬರೆಸಿದ್ದರೆ ಬ್ಯಾಂಕ್‌ನವರು ಅವರಿಗೂ ಕೊಡಲೇಬೇಕಾಗುತ್ತದೆ. ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತ ವಿಚಾರಿಸಿ. ಮೆಸೇಜ್ ಅವರ ಫೋನಿಗೆ ಹೋಗುತ್ತಿದ್ದರೆ ದುಡ್ಡು ಬಿದ್ದ ಗಳಿಗೆಯಲ್ಲೇ ಅವರಿಗೆ ಗೊತ್ತಾಗುತ್ತದೆ. ಎಟಿಎಂ ಪಿನ್ ಬದಲಾಯಿಸಿ, ಹೊಸದನ್ನು ಮಕ್ಕಳಿಗೂ ಹೇಳಬೇಡಿ. ಮಕ್ಕಳನ್ನು ಹೆದರಿಸಿ ಕೇಳುತ್ತಾರೆ.

ಸಾಲದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಿಮ್ಮ ಹೆಸರಲ್ಲಿ ಸಂಘದಿಂದಲೋ ಮೈಕ್ರೋಫೈನಾನ್ಸ್‌ನಿಂದಲೋ ಸಾಲ ತೆಗೆದು ಅವರ ಕೈಗೆ ಕೊಡಬೇಡಿ. ಅವರ ಕೈಸಾಲಕ್ಕೆ ಜಾಮೀನು ಹಾಕಬೇಡಿ. ಹಳೇ ಸಾಲ ತೀರಿಸಲು ಹೊಸ ಸಾಲ ತೆಗೆದವರು ಮೇಲೆದ್ದದ್ದನ್ನು ನಾನು ನೋಡಿಲ್ಲ. ತವರಿನಿಂದ ತಂದ ಒಡವೆ ಸ್ತ್ರೀಧನ, ಕಾನೂನಿನ ಪ್ರಕಾರ ಅದು ನಿಮ್ಮದೇ. ಪಿತ್ರಾರ್ಜಿತ ಜಮೀನು ಮಾರುವ ಮಾತು ಬಂದರೆ ಸುಮ್ನೆ ಇರಬೇಡಿ. ಅದರಲ್ಲಿ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಸೇರಿ, ಪಾಲಿದೆ. ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ 90 ಎಂಎಲ್ ಪ್ಯಾಕೆಟ್ ಬಂತು. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. 2025-26ರ ಬಜೆಟ್‌ನಲ್ಲಿ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತು. ಅದರಲ್ಲಿ ನಮ್ಮಂಥ ಮನೆಗಳ ಕೂಲಿ ಎಷ್ಟು ಸೇರಿದೆಯೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಆ ಹೋರಾಟ ನಡೆಯಲೇಬೇಕು. ಆದರೆ ಅಂಗಡಿ ಮುಚ್ಚುವವರೆಗೆ ಮಕ್ಕಳ ಊಟ ಕಾಯುತ್ತಾ?

ಈಗ ಕುಡಿತ ಬಿಡಿಸುವ ವಿಷಯ. ಇಲ್ಲಿ ಅವಸರ ಮಾಡಿದರೆ ಜೀವಕ್ಕೇ ಅಪಾಯ. ಬೆಳಿಗ್ಗೆ ಎದ್ದಾಗ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಾ? ಒಂದು ಗುಟುಕು ಒಳಗೆ ಹೋದ ಮೇಲೇ ನಡುಕ ನಿಲ್ಲುತ್ತಾ? ಹಾಗಿದ್ದರೆ ಅವರ ಮೈ ಅದಕ್ಕೆ ಒಗ್ಗಿಹೋಗಿದೆ. ಅಂಥವರಿಗೆ ಆಣೆ ಹಾಕಿಸಿ, ಮಾಲೆ ಹಾಕಿಸಿ, ರೂಮಿನಲ್ಲಿ ಕೂಡಿಹಾಕಿ ಒಂದೇ ಸಲ ಬಿಡಿಸಬಾರದು. ಮೊದಲ ದಿನ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ ಕಾಣುತ್ತದೆ, ಹೊತ್ತುಗೊತ್ತು ತಿಳಿಯೋದಿಲ್ಲ. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಲು ಕರೆದೊಯ್ಯಬೇಡಿ. ಅದು 108ಕ್ಕೆ ಫೋನ್ ಮಾಡುವ ಹೊತ್ತು. ಆಸ್ಪತ್ರೆಯಲ್ಲಿ ಮೊದಲ ಮಾತೇ "ಇವರು ದಿನಾ ಕುಡಿಯುತ್ತಿದ್ದರು, ಇಷ್ಟು ದಿನದಿಂದ ನಿಲ್ಲಿಸಿದ್ದಾರೆ" ಅಂತಿರಲಿ. ನಾಚಿಕೆ ಪಟ್ಟು ಮುಚ್ಚಿಡಬೇಡಿ. ಜಾಸ್ತಿ ಕುಡಿಯುವವರಿಗೆ ಬಿ1 ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ತೊಂದರೆ ಆಗಬಹುದು. ವಿಷಯ ಗೊತ್ತಿದ್ದರೆ ಡಾಕ್ಟರ್ ಅದನ್ನು ನೋಡಿಕೊಳ್ಳುತ್ತಾರೆ.

ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ ಅಂತ ಮಾತ್ರೆ, ಪುಡಿ ಮಾರುವವರಿದ್ದಾರೆ. ಖಂಡಿತ ಬೇಡ. ಡೈಸಲ್ಫಿರಾಮ್ ಅನ್ನೋ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದುಹೋಗುತ್ತದೆ. ಜೀವ ಹೋದದ್ದೂ ಉಂಟು. ಅದನ್ನು ಡಾಕ್ಟರ್ ಹೇಳಿ, ತಗೊಳ್ಳುವವರು ಒಪ್ಪಿ, ತಿಳಿದೇ ತಗೊಳ್ಳಬೇಕು.

ಎಲ್ಲಿಗೆ ಹೋಗೋದು? ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಅವರು ಬರಲ್ಲ ಅಂದರೆ ಮೊದಲು ನೀವೊಬ್ಬರೇ ಹೋಗಿ ಮಾತಾಡಿ, ಅದರಿಂದಲೂ ಪ್ರಯೋಜನ ಇದೆ. 14446 ಅನ್ನೋದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಅದಕ್ಕೆ ಫೋನ್ ಮಾಡಿದರೆ ದುಡ್ಡು ಕೀಳುವುದಿಲ್ಲ. ಮಗ ಗಾಂಜಾ, ಮಾತ್ರೆ ಅಂತ ದಾರಿ ತಪ್ಪಿದ್ದರೂ ಅದೇ ನಂಬರ್. ನಿಮಗೇ ಮನಸ್ಸು ಕುಸಿದಿದ್ದರೆ 14416, ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೊಡೆಯುತ್ತಿದ್ದರೆ ಮೇಲಿನ ಲೆಕ್ಕವೆಲ್ಲ ಪಕ್ಕಕ್ಕಿಡಿ. ಆ ರಾತ್ರಿ ಸುರಕ್ಷಿತ ಜಾಗ ಸೇರಿ, 112 (ಪೊಲೀಸ್) ಅಥವಾ 181ಕ್ಕೆ (ಮಹಿಳಾ ಸಹಾಯವಾಣಿ) ಫೋನ್ ಮಾಡಿ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಮಕ್ಕಳ ಟಿಸಿ, ಇವುಗಳ ಜೆರಾಕ್ಸ್ ನಂಬಿಕೆಯ ಒಂದು ಮನೆಯಲ್ಲಿ ಮೊದಲೇ ಇಟ್ಟಿರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕು ನಿಮಗಿದೆ. ಮನೆ ಅವರ ಹೆಸರಲ್ಲಿದ್ದರೂ ಇದೆ. ದೂರನ್ನು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೊಡಬಹುದು.

ಚಿಕಿತ್ಸೆ ಆದ ಮೇಲೆ ಮತ್ತೆ ಒಂದು ದಿನ ಕುಡಿದು ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಬಹಳ ಜನರಿಗೆ ಹಾಗಾಗುತ್ತದೆ. ಮರುದಿನವೇ ಡಾಕ್ಟರ್ ಹತ್ತಿರ ಕರೆದೊಯ್ಯಿರಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕೂಲಿ ಕೈಗೆ ಬರುವ ದಿನ, ಮದುವೆ, ಹಬ್ಬದ ಬಾಡೂಟ, ಇವೇ ಜಾರುವ ದಿನಗಳು. ಕೂಲಿ ಕೊಡುವವರು ಪರಿಚಯದವರಾದರೆ, ದುಡ್ಡನ್ನು ಖಾತೆಗೆ ಹಾಕಿ ಅಂತ ಯಜಮಾನರನ್ನೇ ಒಪ್ಪಿಸಿ ಅವರ ಬಾಯಲ್ಲೇ ಕೇಳಿಸಿ. ಬಿಟ್ಟಿದ್ದಾರೆ ಅಂತ ಖುಷಿಯಲ್ಲಿ ಎಟಿಎಂ ಕಾರ್ಡ್ ವಾಪಸ್ ಕೊಟ್ಟುಬಿಡಬೇಡಿ. ಕನಿಷ್ಠ ಒಂದು ವರ್ಷ ದುಡ್ಡು ಈಗಿನ ದಾರಿಯಲ್ಲೇ ಬರಲಿ.

ಮತ್ತೆ, ಸಂಘದಲ್ಲಿ ಬಾಯಿಬಿಟ್ಟು ಹೇಳಿ. ಕಂತು ಕಟ್ಟಲಾಗದ ವಾರ ಮೀಟಿಂಗ್ ತಪ್ಪಿಸಿಕೊಂಡರೆ ಪುಸ್ತಕ ಬರೆಯುವವಳು ಬರೀ ಗೈರು ಅಂತ ಬರೆಯಬೇಕಾಗುತ್ತದೆ. ಬಂದು ಹೇಳಿದರೆ ಕಂತಿನ ದಿನವನ್ನು ಬಟವಾಡೆಯ ಮರುದಿನಕ್ಕೆ ಹಾಕಿಕೊಡಲು ಎಲ್ಲರ ಒಪ್ಪಿಗೆ ಕೇಳಬಹುದು. ನಮ್ಮ ಸಂಘದಲ್ಲಿ ಹಾಗೆ ಮಾಡಿದ್ದೇವೆ.