ಕೊನೆಗೂ ನೆಲಮಾಳಿಗೆಯಲ್ಲಿ ಸಲಮಾಂಡರ್ ಮರಿ

ಬೊಲಿಟೊಗ್ಲೊಸ್ಸಾ ಡೊಫ್ಲೈನಿ ಅನ್ನೋ ಮಧ್ಯ ಅಮೆರಿಕದ ಸಲಮಾಂಡರನ್ನು (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಉಭಯಚರ) ಮರಿ ಮಾಡಿಸುತ್ತೇನೆ ಅಂದಾಗ ಇಲ್ಲಿ ಜರ್ಮನಿಯ ಹಳೇ ಸಾಕಣೆಗಾರರು ನಕ್ಕರು. "ಮೊದಲು ಒಂದು ವರ್ಷ ಬದುಕಿಸು" ಅಂದರು. ಹೋದ ಮಾರ್ಚಿನಲ್ಲಿ ಮೊಟ್ಟೆ ಒಡೆಯಿತು. ಈಗ ಹೇಳಬಹುದು ಅಲ್ವಾ?

ಸೋತದ್ದು ಮೊದಲು ಹೇಳುತ್ತೇನೆ. 2016ರ ಸುಮಾರಿಗೆ ಒಂದು ಮೇಳದಲ್ಲಿ ಜೋಡಿ ಕೊಂಡೆ, 180 ಯೂರೋ ಇರಬೇಕು. ಫಾರ್ಮ್‌ನಲ್ಲಿ ಹುಟ್ಟಿದ್ದು ಅಂದ ಮಾರಿದವನು. ಸೊಂಟದ ಮೂಳೆ ಎದ್ದು ಕಾಣುತ್ತಿತ್ತು, ಮೂತಿಯ ಮೇಲೆ ಉಜ್ಜಿದ ಗಾಯ. ಗ್ವಾಟೆಮಾಲಾ ಕಡೆಯ ಕಾಡಿನಿಂದ ಹಿಡಿದದ್ದೇ ಅಂತ ನನಗೆ ಅನ್ನಿಸಿತ್ತು. ಆಸೆಗೆ ಬಿದ್ದು ಬಾಯಿ ಮುಚ್ಚಿಕೊಂಡೆ. ಉಷ್ಣವಲಯದ್ದು ತಾನೇ ಅಂತ 27 ಡಿಗ್ರಿ ಇಟ್ಟು, ತೊಟ್ಟಿ ಮುಚ್ಚಿ, ದಿನಕ್ಕೆ ಮೂರು ಸಲ ನೀರು ಸಿಂಪಡಿಸಿದೆ. ಐದನೇ ವಾರಕ್ಕೆ ಎರಡೂ ಹೋದವು. ಶ್ವಾಸಕೋಶವೇ ಇಲ್ಲದ ಪ್ರಾಣಿ, ಚರ್ಮ ಕೆಟ್ಟರೆ ಉಸಿರೇ ನಿಂತಂತೆ. ಕೈಯಲ್ಲಿ ಹಿಡಿದಾಗ ಅಂಟಂಟಾಗಿತ್ತು, ಅದು ಇನ್ನೂ ನೆನಪಿದೆ.

ಆಮೇಲೆ ಎರಡು ವರ್ಷ ಏನೂ ತರಲಿಲ್ಲ. ತಂದಾಗ, ಸಲಮಾಂಡರ್‌ಗಳ ತಾಯಿಯನ್ನೂ ತೋರಿಸಿದ ಒಬ್ಬ ಮುದುಕನ ಹತ್ತಿರ, ನಾಲ್ಕಕ್ಕೆ ಸುಮಾರು 600 ಕೊಟ್ಟು ತಂದೆ. ಸಲಮಾಂಡರ್‌ಗಳ ಚರ್ಮ ತಿನ್ನುವ ಬೀಸ್ಯಾಲ್ (Bsal) ಶಿಲೀಂಧ್ರದ ಪರೀಕ್ಷೆಗೆ ಮತ್ತೆ 150 ಹತ್ತಿರ. ಇದನ್ನು ಬಿಡಬೇಡಿ. 2013ರಲ್ಲಿ ಹೆಸರು ಪಡೆದ ಆ ಶಿಲೀಂಧ್ರ ನೆದರ್ಲೆಂಡ್ಸ್‌ನ ಬೆಂಕಿ ಸಲಮಾಂಡರ್‌ಗಳನ್ನು ಹೇಗೆ ಖಾಲಿ ಮಾಡಿತು ಅಂತ ನಿಮಗೆ ಗೊತ್ತೇ ಇದೆ. ಏಷ್ಯಾದಿಂದ ಅದನ್ನು ಹೊತ್ತು ತಂದದ್ದು ನಮ್ಮಂಥವರ ಹುಚ್ಚೇ ಇರಬೇಕು.

ಕೆಲಸ ಮಾಡಿದ್ದು ಗಾಳಿ. ಎರಡು ಬದಿಗೂ ಜಾಲರಿ, ನೆಲಮಾಳಿಗೆಯ 19-21 ಡಿಗ್ರಿ, ರಾತ್ರಿ ಒಂದೇ ಸಲ ಮಳೆನೀರು, ಬೆಳಗ್ಗೆ ಹೊತ್ತಿಗೆ ಎಲೆಗಳ ಮೇಲ್ಮೈ ಒಣಗಿರಬೇಕು. ಕೆಳಗಿನ ಪಾಚಿ ಮಾತ್ರ ಒದ್ದೆ. ಆ ಪಾಚಿ ಎಲ್ಲಿಯದು ಅಂತ ಕೇಳಬೇಡಿ, ಹೇಳಲ್ಲ.

ನಡುವೆ ಇನ್ನೊಂದು ಆಟ ಆಡಿದೆ. ಮರಿಗಳಿಗೆಂದು ಇದ್ದಿಲಿನ ಡಬ್ಬಿಯಲ್ಲಿ ಸ್ಪ್ರಿಂಗ್‌ಟೇಲ್ ಅನ್ನೋ ಪುಟ್ಟ ಮಣ್ಣಿನ ಹುಳುಗಳನ್ನು ಬೆಳೆಸುವಾಗ, ಯೀಸ್ಟ್ ಬದಲು ಅಮ್ಮ ಮೈಸೂರಿನಿಂದ ಕಳಿಸಿದ ರಾಗಿ ಹಿಟ್ಟು ಚಿಟಿಕೆ ಉದುರಿಸಿದೆ. ದುಪ್ಪಟ್ಟು ಹುಟ್ಟಿದವು! ಜಾಸ್ತಿ ಹಾಕಿದ ಡಬ್ಬಿ ಮಾತ್ರ ಬೂಸ್ಟು ಹಿಡಿದು ನಾರಿತು, ಹೆಂಡತಿ ಹೊರಗೆ ಎಸೆದಳು.

ಮೂವತ್ತು ಚಿಲ್ಲರೆ ಮೊಟ್ಟೆ. ಹೆಣ್ಣು ಅವುಗಳ ಸುತ್ತ ಸುರುಳಿ ಸುತ್ತಿ ತಿಂಗಳುಗಟ್ಟಲೆ ಕೂತಿತು. ನಾನು ಟಾರ್ಚಿಗೆ ಕೆಂಪು ಕಾಗದ ಕಟ್ಟಿ ವಾರಕ್ಕೊಮ್ಮೆ ಇಣುಕುತ್ತಿದ್ದೆ, ಅಷ್ಟೇ. ಗೊದಮೊಟ್ಟೆಯ ಹಂತವೇ ಇಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸಲಮಾಂಡರ್‌ಗಳು, ಕಾಲು ಸಮೇತ ಹೊರಬಂದವು. ಒಂಬತ್ತು ಉಳಿದಿವೆ.

ಮೊನ್ನೆ ಒಬ್ಬರು ಫೋನ್ ಮಾಡಿ ಒಂದಕ್ಕೆ 250 ಕೊಡುತ್ತೇನೆ ಅಂದರು. "ಹಲ್ಲಿಯ ತೊಟ್ಟಿ ಖಾಲಿ ಇದೆ, ಅದರಲ್ಲೇ ಬಿಡಬಹುದಲ್ವಾ?" ಅಂತ ಕೇಳಿದರು. ಮರಿ ಮಾರಾಟಕ್ಕಿಲ್ಲ ಅಂದೆ.